ಗುಡ್ಡದ ಹೆಸರು, ಬಯಲಿನ ಬಾಟಲಿ

ಹೆಂಗಸಾದವಳು ವೈನಿನ ಬಗ್ಗೆ ಬರೆಯುವುದೇ ಎಂದು ಹುಬ್ಬೇರಿಸುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನಾನು ಕುಡಿಯುವವಳಲ್ಲ, ಕುಡಿಯಿರಿ ಎಂದು ಹೇಳಲು ಬಂದವಳೂ ಅಲ್ಲ. ನನ್ನ ತಕರಾರು ಬಾಟಲಿಯ ಒಳಗಿರುವುದರ ಮೇಲಲ್ಲ, ಹೊರಗೆ ಅಂಟಿಸಿದ ಚೀಟಿಯ ಮೇಲೆ. ದುಡಿಯುವವರು ಒಬ್ಬರು, ಹೆಸರು ಇನ್ನೊಬ್ಬರಿಗೆ ಎನ್ನುವ ವ್ಯವಹಾರ ಹೆಂಗಸರಾದ ನಮಗೆ ಹೊಸದಲ್ಲ. ಆದರೆ ಅದನ್ನೇ ಒಂದು ದೇಶ ಕಾನೂನು ಮಾಡಿ, ಐವತ್ತು ವರ್ಷ ನಡೆಸಿಕೊಂಡು ಬಂತೆಂದರೆ ಸೋಜಿಗವಲ್ಲವೇ?

ಮಗಳು ಅಳಿಯ ಜರ್ಮನಿಯಲ್ಲಿದ್ದಾಗ ಮೊಸೆಲ್ ನದಿಯ ಕಣಿವೆಯನ್ನು ನಾನು ಕಣ್ಣಾರೆ ನೋಡಿದೆ. ಹಾವಿನಂತೆ ಹೊರಳುವ ನದಿ, ಅದರ ದಂಡೆಯಿಂದಲೇ ಗೋಡೆಯಂತೆ ಏಳುವ ಗುಡ್ಡ, ಗುಡ್ಡದ ಮೈತುಂಬ ದ್ರಾಕ್ಷಿ. ಬ್ರೆಮ್ ಎಂಬ ಊರಿನ ಕಾಲ್ಮೋಂಟ್ ತೋಟದ ಇಳಿಜಾರು ಕೆಲವೆಡೆ 60 ಡಿಗ್ರಿಯನ್ನೂ ದಾಟುತ್ತದೆ. ನಮ್ಮ ಮನೆಯ ಅಟ್ಟಕ್ಕೆ ಹಾಕುವ ಏಣಿಯನ್ನು ನೆನೆಸಿಕೊಳ್ಳಿ, ಹೆಚ್ಚುಕಡಿಮೆ ಅಷ್ಟು ಕಡಿದು. ಅಲ್ಲಿ ಟ್ರ್ಯಾಕ್ಟರು ನಿಲ್ಲುವುದಿಲ್ಲ. ಎಷ್ಟೋ ತೋಟಗಳಲ್ಲಿ ಒಂದೊಂದು ಬಳ್ಳಿಗೂ ಒಂದೊಂದು ಗೂಟ. ಸವರುವುದು, ಕಟ್ಟುವುದು, ಕೊಯ್ಯುವುದು ಎಲ್ಲ ಕೈಯಲ್ಲೇ. ಆಳನ್ನೂ ಬುಟ್ಟಿಯನ್ನೂ ಮೇಲೆಳೆಯಲು ಒಂದೇ ಕಂಬಿಯ ಮೇಲೆ ಓಡುವ ಪುಟ್ಟ ಬಂಡಿಯೊಂದಿದೆ. ಅದೂ ಎಲ್ಲ ತೋಟಕ್ಕೂ ಇಲ್ಲ. ಬಯಲಿನ ತೋಟದಲ್ಲಿ ಯಂತ್ರ ಮಾಡಿ ಮುಗಿಸುವ ಕೆಲಸಕ್ಕೆ ಇಲ್ಲಿ ಹಲವು ಪಟ್ಟು ಹೊತ್ತು ಬೇಕು.

ಇಷ್ಟು ಪಾಡು ಯಾಕೆ ಎಂದರೆ, ಆ ಗುಡ್ಡದಲ್ಲಿ ಹಣ್ಣಾಗುವಂತೆ ರೀಸ್ಲಿಂಗ್ ದ್ರಾಕ್ಷಿ ಬೇರೆಡೆ ಹಣ್ಣಾಗುತ್ತಿರಲಿಲ್ಲ. ಅದು 50 ಡಿಗ್ರಿ ಉತ್ತರ ಅಕ್ಷಾಂಶದ ಚಳಿ ಸೀಮೆ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿಗೆ ಬಿಸಿಲು ನೇರವಾಗಿ ಬೀಳುತ್ತದೆ, ಕೆಳಗಿನ ನೀರು ಬೆಳಕನ್ನು ಮೇಲಕ್ಕೆ ತೂರುತ್ತದೆ. ನೆಲವೆಲ್ಲ ಸ್ಲೇಟುಕಲ್ಲು, ಬಾಲ್ಯದಲ್ಲಿ ನಾವು ಅ ಆ ಇ ಈ ತಿದ್ದಿದ ಹಲಗೆಯ ಜಾತಿಯದೇ. ಅದು ಹಗಲು ಕುಡಿದ ಬಿಸಿಯನ್ನು ರಾತ್ರಿ ಬಳ್ಳಿಗೆ ಹಿಂತಿರುಗಿಸುತ್ತದೆ. ಅಂತೂ ಆ ಹಣ್ಣಿನ ಗುಣ ಆ ಗುಡ್ಡ ಕೊಟ್ಟದ್ದು, ಗುಡ್ಡ ಹತ್ತಿದ ಕಾಲುಗಳು ಕೊಟ್ಟದ್ದು.

ಇದು ಸರ್ಕಾರಕ್ಕೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಪ್ರಷ್ಯಾದ ಆಳ್ವಿಕೆಯಲ್ಲಿ, 1868ರಲ್ಲಿ, ಸಾರ್ ಮತ್ತು ಮೊಸೆಲ್ ತೋಟಗಳ ನಕ್ಷೆಯೊಂದು ಅಚ್ಚಾಯಿತು. ಭೂಕಂದಾಯಕ್ಕಾಗಿ ತೋಟಗಳ ತರಗತಿ ಹಾಕಿದ್ದರಲ್ಲ, ಅದರ ಆಧಾರದ ಮೇಲೆ ಒಳ್ಳೆಯ ಇಳಿಜಾರುಗಳಿಗೆ ಗಾಢ ಬಣ್ಣ ಬಳಿದಿದ್ದರು. ತೆರಿಗೆ ವಸೂಲಿಗೆ ಬಂದಾಗ ಯಾವ ಗುಡ್ಡದ ಯಾವ ಪಟ್ಟೆ ಎಷ್ಟು ಬಾಳುತ್ತದೆಂದು ಅಧಿಕಾರಿಗಳಿಗೆ ಅಂಗೈ ನೆಲ್ಲಿಕಾಯಿ. ನೂರು ವರ್ಷದ ಮೇಲೆ ಗೌರವ ಹಂಚುವ ಸರದಿ ಬಂದಾಗ ಅದೆಲ್ಲ ಮರೆತುಹೋಯಿತು!

1971ರ ವೈನ್ ಕಾನೂನು ಮಾಡಿದ್ದು ಎರಡು ಕೆಲಸ. ಮೊದಲನೆಯದು, ತಲೆಮಾರುಗಳಿಂದ ಬಂದ ಸಾವಿರಾರು ತೋಟಗಳ ಹೆಸರುಗಳನ್ನು ಅಳಿಸಿ, ಅಕ್ಕಪಕ್ಕದ ನೆಲವನ್ನು ಒಟ್ಟುಗೂಡಿಸಿದ್ದು. ಅದರ ಮೇಲೆ 'ಗ್ರೋಸ್‌ಲಾಗೆ' ಎಂಬ ದೊಡ್ಡ ದೊಡ್ಡ ಗುಂಪುಗಳನ್ನು ಕಟ್ಟಿ, ಅವಕ್ಕೂ ಒಂದೇ ತೋಟದ ಹೆಸರಿನಂತೆ ಕೇಳಿಸುವ ಹೆಸರು ಕೊಟ್ಟರು. ಪೀಸ್‌ಪೋರ್ಟರ್ ಗೋಲ್ಡ್‌ಟ್ರೋಪ್‌ಷೆನ್ ಎಂದರೆ ಪೀಸ್‌ಪೋರ್ಟ್ ಊರಿನ ಹೆಸರುವಾಸಿ ಕಡಿದಾದ ತೋಟ. ಪೀಸ್‌ಪೋರ್ಟರ್ ಮಿಷೆಲ್ಸ್‌ಬರ್ಗ್ ಎಂದರೆ ಸುತ್ತಲ ಹಲವು ಊರುಗಳ, ಸಮತಟ್ಟು ನೆಲವೂ ಸೇರಿದ ಗುಂಪು. ಅಂಗಡಿಯ ಕಪಾಟಿನ ಮುಂದೆ ನಿಂತ ಗಿರಾಕಿಗೆ ಇವೆರಡರ ವ್ಯತ್ಯಾಸ ಹೇಗೆ ತಿಳಿಯಬೇಕು? ಊರಿನ ಹೆಸರಂತೂ ಒಂದೇ. ಸಂತೆಯಲ್ಲಿ ಕಂಡಕಂಡ ಬಾಳೆಗೊನೆಗೆಲ್ಲ ನಂಜನಗೂಡು ರಸಬಾಳೆ ಎಂದು ಕೂಗಿದರೆ ನಾವು ಜಗಳಕ್ಕೆ ನಿಲ್ಲುತ್ತೇವೆ. ಅಲ್ಲಿ ಹಾಗೆ ಕೂಗಲು ಕಾನೂನೇ ಅಪ್ಪಣೆ ಕೊಟ್ಟಿತು.

'ಲೀಬ್‌ಫ್ರೌಮಿಲ್ಖ್' ಎಂಬ ಹೆಸರಿನ ಕಥೆ ಇದಕ್ಕಿಂತ ಹಳೆಯದು, ಇದಕ್ಕಿಂತ ಕಹಿ. ವರ್ಮ್ಸ್ ಪಟ್ಟಣದ ಮಾತೆ ಮೇರಿಯ ಚರ್ಚಿನ ಸುತ್ತಲಿನ ಸಣ್ಣ ತೋಟದಿಂದ ಹುಟ್ಟಿದ ಹೆಸರು ಅದು. ಮಾತೆಯ ಹಾಲು ಎಂದು ಅರ್ಥ. ಬರಬರುತ್ತ ರೈನ್ ಸೀಮೆಯ ವಿಶಾಲ ಬಯಲುಗಳ ಅಗ್ಗದ ಸಿಹಿ ವೈನಿಗೆಲ್ಲ ಅದೇ ಹೆಸರಾಗಿ, ಹಡಗು ತುಂಬಿ ಇಂಗ್ಲೆಂಡು ಅಮೆರಿಕಗಳಿಗೆ ಹೋಯಿತು. ಕೊನೆಗೆ ಆ ಚರ್ಚಿನ ತೋಟವೇ ತನಗೆ ಬೇರೆ ಹೆಸರು ಹುಡುಕಿಕೊಳ್ಳಬೇಕಾಯಿತು. ತಾಯಿಯ ಹೆಸರನ್ನು ಮಾರಿ ತಾಯಿಯನ್ನು ಹೊರಗೆ ನಿಲ್ಲಿಸುವುದೆಂದರೆ ಇದೇ ತಾನೇ?

1971ರ ಕಾನೂನಿನ ಎರಡನೆಯ ಕೆಲಸ, ವೈನಿನ ದರ್ಜೆಯನ್ನು ಸಕ್ಕರೆಯಿಂದ ನಿರ್ಧರಿಸಿದ್ದು. ಹಿಂಡಿದ ರಸದಲ್ಲಿ ಸಿಹಿ ಎಷ್ಟಿದೆ ಎಂದು 'ಎಕ್ಸ್‌ಲೆ' ಎಂಬ ಮಾಪನದಲ್ಲಿ ಅಳೆದು ಕಾಬಿನೆಟ್, ಷ್ಪೇಟ್‌ಲೇಸೆ, ಔಸ್‌ಲೇಸೆ ಎಂದು ಮೆಟ್ಟಿಲು ಹಾಕಿದರು. ಇದರ ಪರವಾಗಿ ವಾದಿಸುವವರೂ ಇದ್ದಾರೆ. ಸಕ್ಕರೆಗೆ ಜಾತಿಯಿಲ್ಲ, ಜಮೀನ್ದಾರನ ತೋಟವಾಗಲಿ ಬಡವನ ತೋಟವಾಗಲಿ ಮಾಪನ ಒಂದೇ, ಇದು ಸಮಾನತೆಯಲ್ಲವೇ ಎನ್ನುತ್ತಾರೆ. ಕೇಳಲು ಚೆಂದ. ಚಳಿಯ ವರ್ಷಗಳಲ್ಲಿ ಸಿಹಿ ಏರುವುದೇ ಕಷ್ಟವಿದ್ದಾಗ ಆ ಮಾತಿಗೆ ಒಂದಿಷ್ಟು ಹುರುಳೂ ಇತ್ತು. ಆದರೆ ಬಯಲಿನಲ್ಲೇ ಬೇಗ ಸಿಹಿಯಾಗುವ ಮಿಶ್ರತಳಿಗಳು ಬಂದವು. ಆಮೇಲೆ ಹವಾಮಾನವೇ ಬಿಸಿಯಾಗಿ ಸಿಹಿ ಏರುವುದು ಸುಲಭವಾಯಿತು. ಏಣಿಯಂಥ ಗುಡ್ಡ ಹತ್ತಿದವನಿಗೂ ಯಂತ್ರದ ಮೇಲೆ ಕೂತು ಕೊಯ್ದವನಿಗೂ ಒಂದೇ ಪದವಿ ಸಿಗುವುದನ್ನು ನಾನು ಸಮಾನತೆ ಎನ್ನಲಾರೆ. ಹೊಲದಲ್ಲೂ ದುಡಿದು ಮನೆಯಲ್ಲೂ ದುಡಿಯುವವಳನ್ನು ಅನ್ನದ ರುಚಿಯೊಂದರಿಂದ ಅಳೆಯುವ ಲೆಕ್ಕವಿದು.

ಬೆಳೆಗಾರರು ಸುಮ್ಮನೆ ಕೂತಿಲ್ಲ. ವಿ.ಡಿ.ಪಿ. ಎಂಬ ಸಂಘದ ಸುಮಾರು 200 ತೋಟಗಾರರು ನೆಲವನ್ನೇ ಆಧಾರ ಮಾಡಿಕೊಂಡು ನಾಲ್ಕು ಮೆಟ್ಟಿಲಿನ ತಮ್ಮದೇ ವರ್ಗೀಕರಣ ಮಾಡಿಕೊಂಡರು. ಒಳ್ಳೆಯದೇ, ಆದರೆ ಅದು ಸದಸ್ಯರ ಬಾಟಲಿಗೆ ಮಾತ್ರ. ಸಂಘದ ಹದ್ದಿನ ಮುದ್ರೆಯಿಲ್ಲದ ಸಣ್ಣ ಸಂಸಾರಗಳ ಗತಿ? ಕಡೆಗೆ 2021ರಲ್ಲಿ ಸರ್ಕಾರವೂ ಕಣ್ಣು ತೆರೆಯಿತು. ನೆಲದ ವ್ಯಾಪ್ತಿ ಕಿರಿದಾದಷ್ಟೂ ದರ್ಜೆ ಹಿರಿದು ಎಂಬ ತತ್ವ ಬಂತು. 2026ರ ಫಸಲಿನಿಂದ ಆ ದೊಡ್ಡ ಗುಂಪುಗಳ ಹೆಸರಿನ ಮುಂದೆ 'ಪ್ರದೇಶ' ಎಂಬ ಅರ್ಥದ ಪದ ಹಾಕಲೇಬೇಕೆಂದೂ ಗೊತ್ತಾಯಿತು. ಒಂದೇ ಒಂದು ಪದ ಸೇರಿಸಲು ಅರ್ಧ ಶತಮಾನ ಬೇಕಾಯಿತು ನೋಡಿ!

ಅಷ್ಟರಲ್ಲಿ ಎಷ್ಟೋ ಗುಡ್ಡಗಳು ಪಾಳು ಬಿದ್ದಿವೆ. ಮಕ್ಕಳು ಪಟ್ಟಣ ಸೇರಿದ ಮನೆಗಳ ತೋಟಗಳಲ್ಲಿ ಬಳ್ಳಿಯ ಜಾಗವನ್ನು ಮುಳ್ಳುಪೊದೆ ನುಂಗಿದೆ, ಕಲ್ಲಿನ ಕಟ್ಟೆಗಳು ಜಾರುತ್ತಿವೆ. ಉಳಿದ ಕಡೆ ಕೊಯ್ಲಿಗೆ ಪೋಲೆಂಡು ರುಮೇನಿಯಾಗಳಿಂದ ಹೆಣ್ಣು ಗಂಡು ಆಳುಗಳು ಬರುತ್ತಾರೆ. ಕಡಿದು ತೋಟಗಳಿಗೆ ಸರ್ಕಾರ ಸಹಾಯಧನ ಕೊಡುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಹೆಸರನ್ನು ಬಯಲಿಗೆ ಧಾರೆಯೆರೆದು, ಗುಡ್ಡದವನ ಕೈಗೆ ನಾಲ್ಕು ಕಾಸು ಹಾಕಿದರೆ ಅದು ನ್ಯಾಯವಾಗುವುದಿಲ್ಲ. ಅವನ ಹೆಸರನ್ನು ಅವನಿಗೇ ಉಳಿಸಿದ್ದರೆ ತಕ್ಕ ಬೆಲೆಯನ್ನು ಅವನೇ ಕೇಳಿ ಪಡೆಯುತ್ತಿದ್ದ.

ಸೀರೆಯಿರಲಿ, ಜೇನಿರಲಿ, ಹಪ್ಪಳವಿರಲಿ, ಚೀಟಿಯ ಮೇಲಿನ ಊರಿನ ಹೆಸರು ನೋಡಿ ಕೊಳ್ಳುವವರು ನಾವೇ. ಕೊಳ್ಳುವ ಮುಂಚೆ ಒಂದು ಮಾತು ಕೇಳೋಣ: ಇದನ್ನು ಮಾಡಿದ ಕೈ ಆ ಊರಿನದೇ? ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ, ಉತ್ತರ ಬರುವತನಕ ಪರ್ಸು ತೆಗೆಯುವುದು ಬೇಡ.