ದೂರದ ಪಾಠ, ಹತ್ತಿರದ ಕೈ

ಮಳೆಗಾಲ ಬಂದಿತೆಂದರೆ ಮೂಡಿಗೆರೆ, ಕಳಸಗಳ ಕಾಫಿ ತೋಟಗಳ ನಡುವಣ ಕಾಲುದಾರಿಗಳು ಹಳ್ಳಗಳಾಗುತ್ತವೆ. ಕಾಲುಸಂಕಗಳು ಪಾಚಿಗಟ್ಟಿ ಜಾರುತ್ತವೆ. ಮರ ಬಿದ್ದು ವಿದ್ಯುತ್ತು ನಿಲ್ಲುತ್ತದೆ. ಕಣ್ಣುಳ್ಳವರೇ ಶಾಲೆಗೆ ನಡೆಯಲು ಅಂಜುವ ಆ ದಿನಗಳಲ್ಲಿ ಕಣ್ಣು ಕಾಣದ ಮಗುವಿನ ಪಾಡೇನು? ಅಂಥ ಮಕ್ಕಳಿಗೆ ಕಲಿಸಬಲ್ಲ ಉಪಾಧ್ಯಾಯರು ಪ್ರತಿಯೊಂದು ಊರಿನಲ್ಲಿಯೂ ಇರುವುದಿಲ್ಲ. ಆದುದರಿಂದ ದೂರವಾಣಿ, ಗಣಕಯಂತ್ರಗಳ ಮೂಲಕ ಪಾಠವೇ ಅವರ ಮನೆಗೆ ಬರಲಿ ಎಂದು ಹಲವರು ಹೇಳುತ್ತಾರೆ. ಈ ಮಾತು ನನಗೂ ಒಪ್ಪಿಗೆಯೇ. ಆದರೆ ಬರುವ ಪಾಠ ಎಂಥದಾಗಿರಬೇಕೆಂಬುದನ್ನು ಮೊದಲು ವಿಚಾರಿಸಬೇಕು.

2020ರಲ್ಲಿ ಕೊರೋನಾ ವ್ಯಾಧಿಯಿಂದಾಗಿ ಶಾಲೆಗಳು ಮುಚ್ಚಿದ್ದಾಗ, ನಮ್ಮ ಸೀಮೆಯ ಮನೆಯೊಂದರಲ್ಲಿ ಮಕ್ಕಳು ಪರದೆಯ ಮುಂದೆ ಕುಳಿತು ಗಣಿತದ ಪಾಠ ಕೇಳುತ್ತಿದ್ದರು. "ಇಲ್ಲಿ ನೋಡಿ, ಈ ಬಾಹು ಆ ಬಾಹುವಿಗೆ ಸಮ" ಎಂದರು ಅಧ್ಯಾಪಕರು. ಮೂಲೆಯಲ್ಲಿದ್ದ ದೃಷ್ಟಿಹೀನ ಬಾಲಕಿ ಮೆಲ್ಲಗೆ, "ಯಾವ ಬಾಹು?" ಎಂದಳು. ಪರದೆ ಉತ್ತರ ಕೊಡಲಿಲ್ಲ. ಅವಳ ಅಣ್ಣ ಎದ್ದುಹೋಗಿ ಹಿಡಿಸೂಡಿಯಿಂದ ಮೂರು ಕಡ್ಡಿಗಳನ್ನು ಮುರಿದು ತಂದ. ಅವುಗಳನ್ನು ತ್ರಿಭುಜವಾಗಿ ಜೋಡಿಸಿ ತಂಗಿಯ ಬೆರಳುಗಳನ್ನು ಅವುಗಳ ಮೇಲೆ ನಡೆಸಿದ. ಅವಳ ಮುಖ ಅರಳಿತು. ಅಂದು ಪಾಠ ದೂರದಿಂದ ಬಂದಿತ್ತು, ನಿಜ. ಆದರೆ ಅದನ್ನು ಅವಳಿಗೆ ತಲುಪಿಸಿದ್ದು ಹತ್ತಿರದ ಕೈ.

ಅಂಧರಿಗೆ ದೂರದಿಂದ ಕಲಿಸುವುದು ಹೊಸ ಸಂಗತಿಯೇನಲ್ಲ. ಅಮೆರಿಕದ ವಿಲಿಯಂ ಹ್ಯಾಡ್ಲಿ ಎಂಬ ಅಧ್ಯಾಪಕರು ನಡುವಯಸ್ಸಿನಲ್ಲಿ ದೃಷ್ಟಿಯನ್ನು ಕಳೆದುಕೊಂಡು, ಬ್ರೈಲ್ ಲಿಪಿಯನ್ನು ತಾವೇ ಕಲಿತರು. 1920ರಲ್ಲಿ ಅದನ್ನು ಅಂಚೆಯ ಮೂಲಕ ಇತರರಿಗೆ ಕಲಿಸತೊಡಗಿದರು. ಅಂದು ಊರಿಂದೂರಿಗೆ ಪ್ರಯಾಣ ಮಾಡಿದ್ದು ಧ್ವನಿಯಲ್ಲ. ಬೆರಳಿಗೆ ಸಿಗುವ ಉಬ್ಬು ಚುಕ್ಕೆಗಳ ಕಾಗದ. ಈ ಮಾತನ್ನು ನಾವು ಮರೆಯಬಾರದು.

"ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಯಂತ್ರಗಳಿರುವಾಗ ಬ್ರೈಲ್ ಲಿಪಿ ಏತಕ್ಕೆ?" ಎಂದು ಕೇಳುವವರಿದ್ದಾರೆ. ಇಂಥ ಸಾಧನಗಳ ಉಪಕಾರ ದೊಡ್ಡದು. ಆಸ್ಟ್ರೇಲಿಯದ ಇಬ್ಬರು ಅಂಧ ತರುಣರು 2006ರಲ್ಲಿ ಆರಂಭಿಸಿದ ಎನ್‌ವಿಡಿಎ ಎಂಬ ತಂತ್ರಾಂಶವು ಉಚಿತವಾಗಿ ದೊರೆಯುತ್ತದೆ; ಕನ್ನಡವನ್ನೂ ಓದುತ್ತದೆ. ಆದರೆ ಕಥೆಯನ್ನು ಕೇಳಿ ತಿಳಿದಂತೆ ಕಾಗುಣಿತವನ್ನು ಕೇಳಿ ಕಲಿಯಲಾಗದು. ಶಕಾರ ಷಕಾರಗಳ ಭೇದ ಎಷ್ಟೋ ವೇಳೆ ಕಿವಿಗೆ ತಿಳಿಯುವುದಿಲ್ಲ, ಬೆರಳಿಗೆ ತಿಳಿಯುತ್ತದೆ. ಲೂಯಿ ಬ್ರೈಲ್ 1824ರಲ್ಲಿ, ತನ್ನ 15ನೆಯ ವಯಸ್ಸಿನಲ್ಲಿ, ಆರು ಚುಕ್ಕೆಗಳಿಂದ ರೂಪಿಸಿದ ಲಿಪಿ ಇಂದು ಭಾರತೀ ಬ್ರೈಲ್ ಎಂಬ ಹೆಸರಿನಲ್ಲಿ ಕನ್ನಡಕ್ಕೂ ಒದಗಿದೆ. ಕೇಳಿಸಿಕೊಳ್ಳುವುದನ್ನು ಮಾತ್ರ ಕಲಿತ ಮಗು ಜಾಣನಾಗಬಹುದು. ಆದರೆ ತನ್ನ ಹೆಸರನ್ನು ತಾನೇ ಬರೆದು ತಾನೇ ಓದುವ ಸಂತೋಷದಿಂದ ವಂಚಿತನಾಗುತ್ತಾನೆ.

ನಮ್ಮ ಮೂಡಿಗೆರೆ ತಾಲ್ಲೂಕಿನ ರಕ್ಷಿತಾ ರಾಜು ಅವರನ್ನು ನೆನೆಯಿರಿ. ಚಿಕ್ಕಮಗಳೂರಿನ ಆಶಾಕಿರಣ ಅಂಧ ಮಕ್ಕಳ ಶಾಲೆಯಲ್ಲಿ ಓದಿದ ಈಕೆ 2018ರಲ್ಲಿ ಜಕಾರ್ತದಲ್ಲಿಯೂ 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿಯೂ ನಡೆದ ಏಷ್ಯನ್ ಪ್ಯಾರಾ ಕ್ರೀಡಾಕೂಟಗಳಲ್ಲಿ 1500 ಮೀಟರ್ ಓಟದ ಚಿನ್ನದ ಪದಕವನ್ನು ಗೆದ್ದರು. ಈ ಬಗೆಯ ಓಟದಲ್ಲಿ ಮಾರ್ಗದರ್ಶಿಯೊಬ್ಬ ಕಿರಿದಾದ ಹಗ್ಗದ ಇನ್ನೊಂದು ತುದಿಯನ್ನು ಹಿಡಿದು ಜೊತೆಯಲ್ಲಿಯೇ ಓಡುತ್ತಾನೆ. ಆದರೆ ಗುರಿಯ ಗೆರೆಯನ್ನು ಅವನು ಮೊದಲು ದಾಟುವಂತಿಲ್ಲ. ಓಟ ಓಟಗಾರ್ತಿಯದೇ.

ದೂರಶಿಕ್ಷಣವೂ ಹೀಗೆಯೇ ಇರಬೇಕು. ಪಾಠಕ್ಕೆ ಮುನ್ನವೇ ಬ್ರೈಲ್ ಪುಸ್ತಕ, ಉಬ್ಬುಚಿತ್ರಗಳು ಮಗುವಿನ ಮನೆಯನ್ನು ಮುಟ್ಟಿರಬೇಕು. ಅಧ್ಯಾಪಕರು "ಇಲ್ಲಿ ನೋಡಿ" ಎನ್ನದೆ, ಕಂಡದ್ದನ್ನು ಮಾತಿನಲ್ಲಿ ಬಣ್ಣಿಸಬೇಕು. ತಿಳಿದವರೊಬ್ಬರು ಆಗಾಗ ಬಂದು ಪಕ್ಕದಲ್ಲಿ ಕುಳಿತು ಕೈಹಿಡಿದು ಕಲಿಸಬೇಕು. ಬ್ರೈಲ್ ಬಲ್ಲ ಶಿಕ್ಷಕರನ್ನು ತರಬೇತುಗೊಳಿಸಿ ನೇಮಿಸಬೇಕೆಂದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವೇ ಹೇಳುತ್ತದೆ. ಪರದೆಯೊಂದನ್ನು ಕೊಟ್ಟು ಈ ಹೊಣೆಯಿಂದ ಜಾರಿಕೊಳ್ಳುವುದು ನ್ಯಾಯವಲ್ಲ.

ಇದು ಸರ್ಕಾರದ ಕೆಲಸ, ನಮ್ಮದೇನು ಎಂದು ನೀವು ಕೇಳಬಹುದು. ನಿಮ್ಮ ತರಗತಿಯಲ್ಲಿ ಅಥವಾ ನೆರೆಮನೆಯಲ್ಲಿ ದೃಷ್ಟಿಯಿಲ್ಲದ ಗೆಳೆಯನೊಬ್ಬ ಇದ್ದರೆ ಕರಿಹಲಗೆಯ ಮೇಲಿನದನ್ನು ಅವನಿಗೆ ಓದಿ ಹೇಳಿರಿ. ಚಿತ್ರವನ್ನು ಕಡ್ಡಿಯಿಂದಲೋ ದಾರದಿಂದಲೋ ಮಾಡಿ ಅವನ ಬೆರಳಿಗೆ ಮುಟ್ಟಿಸಿರಿ. ಉತ್ತರವನ್ನು ಮಾತ್ರ ಅವನೇ ಹೇಳಲಿ.