ಹೊಸ ಸಭೆ ಕಟ್ಟುವವರೇ, ಇದ್ದವರು ಎಲ್ಲಿ ಹೋದರು?

‘ಸಭೆಯೊಳಗಿನ ಮಾತು ಹೊರಗೆ ಬೇಡ, ಕಾಲ ಸರಿಯಿಲ್ಲ.’ ನಮ್ಮ ಕ್ರೈಸ್ತ ಮುಖಂಡರು ಈ ಮಾತು ಹೇಳಿ ಹೇಳಿ ಒಂದು ತಲೆಮಾರಿನ ಬಾಯಿಯನ್ನೇ ಮುಚ್ಚಿಸಿದ್ದಾರೆ. ಕಾಲ ಸರಿಯಿದ್ದದ್ದು ಯಾವಾಗ? 2022ರ ಕ್ರಿಸ್‌ಮಸ್ ಮುಗಿದು ಎರಡೇ ದಿನಕ್ಕೆ ಪಿರಿಯಾಪಟ್ಟಣದ ಸೇಂಟ್ ಮೇರಿಸ್ ಚರ್ಚಿನಲ್ಲಿ ಬಾಲಯೇಸುವಿನ ಪ್ರತಿಮೆಗೆ ಹಾನಿಯಾಯಿತು, ಕಾಣಿಕೆ ಹುಂಡಿಯ ಹಣ ಹೋಯಿತು. ಅದೇ ವರ್ಷ ಮತಾಂತರ ನಿಷೇಧ ಕಾಯ್ದೆಯೂ ಬಂದಿತ್ತು. ಹೊರಗಿನ ಭಯ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಆ ಭಯವನ್ನು ಮುಂದಿಟ್ಟುಕೊಂಡು ಒಳಗೆ ನಡೆಯುವ ಅನ್ಯಾಯವನ್ನು ಮುಚ್ಚಿಡುವುದು ಇನ್ನು ಸಾಕು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆ. ಮೈಸೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕಿನಲ್ಲಿ ಸುತ್ತಾಡುವವರಿಗೆ ಗೊತ್ತು, ಶೀಟಿನ ಮನೆಗಳಲ್ಲಿ, ಬಾಡಿಗೆ ಕೋಣೆಗಳಲ್ಲಿ ಪ್ರಾರ್ಥನಾ ಕೂಟಗಳು ಹುಟ್ಟುತ್ತಲೇ ಇರುತ್ತವೆ. ಎರಡು ವರ್ಷ ಬಿಟ್ಟು ಹೋದರೆ ಅಲ್ಲಿ ಬೀಗ. ಪಾಸ್ಟರ್ ಎಲ್ಲಿ ಎಂದರೆ ‘ಹೊಸ ಸೇವೆಗೆ ಹೋದರು’ ಎನ್ನುತ್ತಾರೆ. ಅವರನ್ನು ನಂಬಿ ನೀರಿನಲ್ಲಿ ಮುಳುಗಿ ಎದ್ದ ಜನ? ಅವರ ಬಗ್ಗೆ ಕೇಳುವವರಿಲ್ಲ. ಪಾಸ್ಟರ್ ತಿಂಗಳು ತಿಂಗಳು ಹಣ ಕೊಡುವ ಸಂಸ್ಥೆಗೆ ಕಳಿಸುವ ವರದಿಯಲ್ಲಿ ಎಷ್ಟು ದೀಕ್ಷಾಸ್ನಾನ, ಎಷ್ಟು ಹೊಸ ಕೂಟ ಎಂದು ಬರೆಯಲು ಜಾಗವಿದೆ. ಎಷ್ಟು ಜನ ಬರುವುದು ಬಿಟ್ಟರು, ಯಾಕೆ ಬಿಟ್ಟರು ಎಂದು ಬರೆಯಲು ಜಾಗವಿಲ್ಲ. ವರದಿ ಚೆನ್ನಾಗಿದ್ದರೆ ಸಹಾಯಧನ ಬರುತ್ತದೆ. ಆದ್ದರಿಂದ ವರದಿ ಯಾವಾಗಲೂ ಚೆನ್ನಾಗಿಯೇ ಇರುತ್ತದೆ.

ಇದು ಒಬ್ಬ ಬಡ ಪಾಸ್ಟರನ ತಪ್ಪಲ್ಲ. ಇದರ ಹಿಂದೆ ಒಂದು ಸಿದ್ಧಾಂತವೇ ಇದೆ. ನಮ್ಮ ದೇಶದ ದಮೋಹ್‌ನಲ್ಲಿ 1897ರಲ್ಲಿ ಹುಟ್ಟಿದ ಮಿಷನರಿ ಡೊನಾಲ್ಡ್ ಮೆಕ್‌ಗ್ಯಾವ್ರನ್, ಸಭೆ ಬೆಳೆಯುವುದು ಹೇಗೆ ಎಂದು 1955ರಲ್ಲಿ ಪುಸ್ತಕ ಬರೆದರು. ಒಬ್ಬೊಬ್ಬರ ಹಿಂದೆ ಹೋಗುವುದಕ್ಕಿಂತ ಇಡೀ ಜಾತಿ-ಬುಡಕಟ್ಟುಗಳನ್ನು ಗುರಿಯಾಗಿಟ್ಟುಕೊಳ್ಳಬೇಕು ಎಂಬ ವಿಚಾರ ಅಲ್ಲಿಂದ ಬಲಗೊಂಡಿತು. ಆಮೇಲೆ 2000ನೇ ಇಸವಿಯೊಳಗೆ ಪ್ರತಿ ಜನಾಂಗಕ್ಕೂ ಒಂದು ಸಭೆ ಎಂಬ ಅಂತರರಾಷ್ಟ್ರೀಯ ಆಂದೋಲನ ನಡೆಯಿತು. ನಮ್ಮ ಕಾಡಂಚಿನ ಹಾಡಿಗಳಲ್ಲಿ ಬದುಕುವ ಆದಿವಾಸಿ ಜೇನುಕುರುಬರು ಸುವಾರ್ತೆ ‘ಮುಟ್ಟದ ಜನಾಂಗ’ಗಳ ಪಟ್ಟಿಯಲ್ಲಿ ಒಂದು ಸಾಲಾದರು. ಆ ಸಾಲಿಗೆ ಗುರುತು ಹಾಕಿದರೆ ಕೆಲಸ ಮುಗಿಯಿತು. ಗುರುತು ಬಿದ್ದ ಹಾಡಿಯಲ್ಲಿ ಮರುದಿನ ಬೆಳಿಗ್ಗೆ ಒಲೆ ಉರಿಯಿತೇ ಎಂದು ಯಾರು ನೋಡಿದರು?

ಪಿರಿಯಾಪಟ್ಟಣದ ಕಡೆ ಒಂದು ಸಾವಿಗೆ ಹೋಗಿದ್ದೆ. ಗಂಡ ಹೆಂಡತಿ ಇಬ್ಬರೂ ಹೊಗೆಸೊಪ್ಪು ಒಣಗಿಸಿ ಹದಮಾಡುವ ಬ್ಯಾರನ್‌ನಲ್ಲಿ ಕೂಲಿಗಿದ್ದವರು, ಊರವರ ಮುನಿಸು ಕಟ್ಟಿಕೊಂಡು ಸಭೆಗೆ ಸೇರಿದವರು. ಗಂಡ ತೀರಿಕೊಂಡ ದಿನ ಊರಿನ ಯಜಮಾನರು ‘ನಿಮ್ಮ ಸಭೆಯವರೇ ನೋಡ್ಕೊಳ್ಳಲಿ’ ಎಂದರು. ಸಭೆಯವರಿಗೆ ಫೋನ್ ಮಾಡಿದರೆ ‘ಬೆಂಗಳೂರಿನಲ್ಲಿ ಕನ್ವೆನ್ಷನ್ ಇದೆ ಸಿಸ್ಟರ್, ಇಲ್ಲಿಂದಲೇ ಪ್ರಾರ್ಥನೆ ಮಾಡ್ತೀವಿ’ ಎಂಬ ಉತ್ತರ. ಹೆಣ ಜಗಲಿಯ ಮೇಲೆ ಬಿಸಿಲಿಗೆ ಬಿದ್ದಿತ್ತು. ಆಕೆಯ ಕೈಬೆರಳುಗಳಲ್ಲಿ ಸೊಪ್ಪು ಕಟ್ಟಿ ಕಟ್ಟಿ ಹತ್ತಿದ ಕಪ್ಪು ಅಂಟು ಇನ್ನೂ ಹೋಗಿರಲಿಲ್ಲ. ಕೊನೆಗೆ ಬ್ಯಾರನ್ ಮಾಲೀಕನೇ ತನ್ನ ಹೊಲದ ಬದುವಿನಲ್ಲಿ ಹೂಳಲು ಜಾಗ ಬಿಟ್ಟುಕೊಟ್ಟ. ಆತ ಕ್ರೈಸ್ತನಲ್ಲ. ಪ್ರಾರ್ಥನೆ ಮಾಡಿಸಲು ಯಾರೂ ಇರಲಿಲ್ಲ. ಎಂಟನೇ ತರಗತಿಯ ಮಗಳು ಬಾಯಿಪಾಠ ಬಂದಷ್ಟು ಹೇಳಿದಳು. ಆ ಸಂಸ್ಥೆಯ ವರದಿಯಲ್ಲಿ ಈ ಮನೆ ಇವತ್ತಿಗೂ ‘ಗೆದ್ದ ಆತ್ಮಗಳ’ ಲೆಕ್ಕದಲ್ಲಿದೆ.

ಲೆಕ್ಕವೇ ಬೇಕೆಂದರೆ ಲೆಕ್ಕವನ್ನೇ ನೋಡೋಣ. 2001ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇ. 1.91. 2011ರಲ್ಲಿ ಶೇ. 1.87. ಕನ್ವೆನ್ಷನ್ ವೇದಿಕೆಗಳಲ್ಲಿ ‘ಮಹಾ ಕೊಯ್ಲು’ ಎಂದು ಕೂಗಿದ ಆ ಹತ್ತು ವರ್ಷದಲ್ಲಿ ಪಾಲು ಇಳಿದಿದೆ. ಊರೂರೇ ಮತಾಂತರವಾಗುತ್ತಿದೆ ಎಂದು ಬೊಬ್ಬೆ ಹಾಕುವವರಿಗೂ ಇದೇ ಉತ್ತರ: ಶೇ. 1.87. ಹಾಗಾದರೆ ವರದಿಗಳಲ್ಲಿರುವ ಆತ್ಮಗಳೆಲ್ಲ ಎಲ್ಲಿ? ದಲಿತರು ಹೆದರಿ ಕ್ರೈಸ್ತರೆಂದು ಬರೆಸುವುದಿಲ್ಲ ಎನ್ನುತ್ತೀರಿ. ನಿಜ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧರಲ್ಲದ ದಲಿತನಿಗೆ ಪರಿಶಿಷ್ಟ ಜಾತಿಯ ಸೌಲಭ್ಯವಿಲ್ಲ. ಕ್ರೈಸ್ತ ನಂಬಿಕೆಯಲ್ಲಿರುವ ಮಹಿಳೆಗೆ ಆ ಮೀಸಲಾತಿ ಸಲ್ಲದು ಎಂದು ಪುದುಚೇರಿಯ ಸೆಲ್ವರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿತು. ದೀಕ್ಷಾಸ್ನಾನಕ್ಕೆ ಮೊದಲು ಈ ವಿಷಯ ಕೂರಿಸಿ ವಿವರಿಸಿದ ಪಾಸ್ಟರ್ ಎಷ್ಟು ಜನ? ಮಗನ ವಿದ್ಯಾರ್ಥಿವೇತನ ಹೋಗಬಹುದು, ಮಗಳ ನೌಕರಿಗೆ ತೊಡಕಾಗಬಹುದು ಎಂದು ಹೇಳದೆ ಅವರನ್ನು ನೀರಿಗಿಳಿಸುವುದು ಮೋಸ. ನಾನು ಇನ್ನೂ ಮೆದುವಾದ ಪದ ಬಳಸಲಾರೆ.

ಹಳೆಯ ಸಭೆಗಳವರು ಇದನ್ನೋದಿ ನಿರಾಳವಾಗುವುದು ಬೇಡ. ಮೈಸೂರು ಕಥೋಲಿಕ ಧರ್ಮಕ್ಷೇತ್ರದ 37 ಗುರುಗಳು ತಮ್ಮ ಧರ್ಮಾಧ್ಯಕ್ಷರ ವಿರುದ್ಧ ಗಂಭೀರ ಆರೋಪ ಮಾಡಿ ವ್ಯಾಟಿಕನ್‌ಗೆ ಬರೆದದ್ದು 2019ರಲ್ಲಿ ಬಯಲಾಯಿತು. ಧರ್ಮಾಧ್ಯಕ್ಷರು ಆರೋಪಗಳನ್ನು ನಿರಾಕರಿಸಿದರು. ಅವರು ರಜೆಯ ಮೇಲೆ ಹೋದದ್ದು 2023ರ ಜನವರಿಯಲ್ಲಿ, ರಾಜೀನಾಮೆ ಅಂಗೀಕಾರವಾದದ್ದು 2024ರ ಜನವರಿಯಲ್ಲಿ. ಆರೋಪದ ಸತ್ಯಾಸತ್ಯ ಬೇರೆ ವಿಷಯ. ಅಷ್ಟು ವರ್ಷ ಭಾನುವಾರದ ಬಲಿಪೂಜೆಗೆ ಬಂದು ಮೊಣಕಾಲೂರಿದ ಜನರಿಗೆ ಏನು ನಡೆಯುತ್ತಿದೆ ಎಂದು ಎದುರು ನಿಂತು ಹೇಳಿದವರು ಯಾರು? ಜನ ಪತ್ರಿಕೆ ಓದಿ ತಿಳಿದುಕೊಳ್ಳಬೇಕಾಯಿತು.

ಅದೇ 2019ರಲ್ಲಿ ಕೆ.ಆರ್. ನಗರ ತಾಲ್ಲೂಕಿನ ದೋರನಹಳ್ಳಿಯ ಸಂತ ಅಂತೋಣಿಯವರ ದೇವಾಲಯ ಬಸಿಲಿಕಾ ಆಯಿತು. ಸಂತೋಷವೇ. ಜೂನ್ 13ರ ಹಬ್ಬಕ್ಕೆ ಜಾತಿ ಮತ ನೋಡದೆ ಜನ ಬರುತ್ತಾರೆ. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತ ಎಂದು ಲೋಕವೇ ಅವರಿಗೆ ಹರಕೆ ಹೊರುತ್ತದೆ. ಆ ಸಂತನ ಹೆಸರಿನ ಸಭೆ, ಕಳೆದುಹೋದ ತನ್ನದೇ ಜನರನ್ನು ಹುಡುಕಿ ಹೊರಟದ್ದನ್ನು ನಾನು ಕಂಡಿಲ್ಲ. ತೊಂಬತ್ತೊಂಬತ್ತು ಕುರಿ ಬಿಟ್ಟು ಒಂದನ್ನು ಅರಸಿ ಹೋದ ಕುರಿಗಾಹಿಯ ಕಥೆಯನ್ನು ಯೇಸು ಹೇಳಿದ್ದು ಧರ್ಮೋಪದೇಶಕ್ಕೆ ವಿಷಯ ಸಿಗಲಿ ಎಂದಲ್ಲ.

ಸೇವೆ ಎಂದರೆ ಹೀಗೇ ಇರಬೇಕೆಂದಿಲ್ಲ. ಹಿಂದಿನವರೂ ಮಿಷನ್ನಿನವರೇ. 1906ರಲ್ಲಿ ಮೈಸೂರಿನಲ್ಲಿ ವೆಸ್ಲಿಯನ್ ಮಿಷನರಿಗಳು ಶುರುಮಾಡಿದ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಇವತ್ತಿಗೂ ಜನರ ಬಾಯಲ್ಲಿ ‘ಮಿಷನ್ ಆಸ್ಪತ್ರೆ’. ಅವರಿಗೂ ಮತಾಂತರದ ಆಸೆಯಿತ್ತು, ಇಲ್ಲವೆನ್ನಲಾರೆ. ಆದರೆ ಬಾಣಂತಿಯ ಮಂಚದ ಪಕ್ಕ ರಾತ್ರಿಯೆಲ್ಲ ಎಚ್ಚರವಿದ್ದವರೂ ಅವರೇ.

ಹಾಡಿಯ ಜನರನ್ನು ಎಣಿಸಿ ಕೈಬಿಡುವುದು ಚರ್ಚಿನವರು ಕಂಡುಹಿಡಿದ ರೋಗವೂ ಅಲ್ಲ. ಅರಣ್ಯ ಇಲಾಖೆ ಹುಲಿಗಾಗಿ ಅವರನ್ನು ನಾಗರಹೊಳೆಯಿಂದ ಹೊರಹಾಕಿತು. ಹೈಕೋರ್ಟ್ ನೇಮಿಸಿದ ಮುಜಾಫರ್ ಅಸ್ಸಾದಿ ಸಮಿತಿ ಪುನರ್ವಸತಿಗೆ ಕಾದಿರುವ 3418 ಕುಟುಂಬಗಳನ್ನು ಗುರುತಿಸಿ 2014ರಲ್ಲಿ ವರದಿ ಕೊಟ್ಟಿತು. ಆ ವರದಿ ಜಾರಿಯಾಗಲಿ ಎಂದು ಆದಿವಾಸಿಗಳು ಇಂದಿಗೂ ಕೇಳುತ್ತಲೇ ಇದ್ದಾರೆ. ಮತಾಂತರವಾದವರನ್ನು ಹಿಂದೂ ಧರ್ಮಕ್ಕೆ ಮರಳಿಸುತ್ತೇವೆನ್ನುವ ‘ಘರ್ ವಾಪ್ಸಿ’ಯವರು ಬಂದು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಎಲ್ಲರಿಗೂ ತಲೆ ಬೇಕು, ತಲೆಯ ಕೆಳಗಿನ ಹೊಟ್ಟೆ ಯಾರಿಗೂ ಬೇಡ. ಕ್ರಿಸ್ತನ ಹೆಸರು ಹೇಳುವವರು ಈ ಸಾಲಿನಲ್ಲಿ ನಿಂತಿರುವುದು ನನಗೆ ಸಹಿಸಲಾಗದ ನೋವು.

ಸಭಾಪಾಲಕರೇ, ಫಾದರ್‌ಗಳೇ, ನನ್ನ ಬೇಡಿಕೆ ಇಷ್ಟೇ. ಈ ವರ್ಷ ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದೂ ಹೊಸ ಕೂಟ ತೆರೆಯಬೇಡಿ. ನಿಮ್ಮ ದಾಖಲೆ ಪುಸ್ತಕ ತೆಗೆದು, ಬರುವುದು ಬಿಟ್ಟವರ ಹೆಸರು ಬರೆದುಕೊಂಡು, ಅವರ ಮನೆ ಬಾಗಿಲಿಗೆ ಹೋಗಿ. ಹೂಳಲು ಜಾಗವಿಲ್ಲದ ಊರುಗಳ ಪಟ್ಟಿ ಮಾಡಿ ತಹಶೀಲ್ದಾರರ ಮುಂದೆ ಕೂರಿ. ಕನ್ವೆನ್ಷನ್ನಿನ ಪೆಂಡಾಲಿಗೆ ಕೂಡಿಟ್ಟ ಹಣವನ್ನು ಈ ಕೆಲಸಕ್ಕೆ ಬಳಸಿ.