ಸೇವೆ ತೀರಿಸಿದ ಸೈನಿಕನಿಗೆ ಕನ್ನಡದಲ್ಲಿ ಹೆಸರೇನು?

ಸೈನ್ಯದಲ್ಲಿ ಅವಧಿಯನ್ನು ಪೂರೈಸಿ ಮನೆಗೆ ಮರಳಿದವನನ್ನು ನಮ್ಮ ಪತ್ರಿಕೆಗಳೂ ಕಚೇರಿಗಳೂ 'ಮಾಜಿ ಸೈನಿಕ'ನೆಂದು ಕರೆಯುತ್ತಿರುವವು. ಚುನಾವಣೆಯಲ್ಲಿ ಸೋತ ಶಾಸಕನೂ ಮಾಜಿಯೇ, ಹದಿನೇಳು ವರ್ಷ ಗಡಿಯ ಹಿಮವನ್ನು ತುಳಿದವನೂ ಮಾಜಿಯೇ! ಶಬ್ದವು ಅರಬ್ಬೀ ಮೂಲದ್ದೆಂಬುದು ನಮ್ಮ ಆಕ್ಷೇಪವಲ್ಲ. ಪೇಟೆಯಿಂದ ಕೋರ್ಟಿನವರೆಗೆ ಅಂಥ ನೂರಾರು ಶಬ್ದಗಳು ನಮ್ಮವೇ ಆಗಿರುವವು. ಪದವಿಯನ್ನು ಕಳಕೊಂಡವನಿಗೂ ಕರ್ತವ್ಯವನ್ನು ಪೂರೈಸಿದವನಿಗೂ ಒಂದೇ ಹೆಸರಿಡುವದು ಅನ್ಯಾಯವೆಂಬುದೇ ನಮ್ಮ ವಾದವು.

ಇನ್ನು ಸೈನ್ಯದಿಂದ 'ಬಿಡುಗಡೆ'ಯಂತೆ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವೂ ಇದೆ, ಹಿಂಡಲಗಿಯ ಸೆರೆಮನೆಯೂ ಇದೆ. ಎರಡೂ ಬಾಗಿಲುಗಳಿಂದ ಹೊರಬರುವವರಿಗೆ ಕನ್ನಡವು ಒಂದೇ ಮಾತನ್ನು ಕೊಡಬೇಕೆ? ಸೈನಿಕರ ಕಲ್ಯಾಣದ ಇಲಾಖೆಯ ಹೆಸರಿನಲ್ಲಿ 'ಪುನರ್ವಸತಿ'ಯೂ ಸೇರಿದೆ. ಆಲಮಟ್ಟಿಯ ಹಿನ್ನೀರಿನಲ್ಲಿ ಮನೆ ಮುಳುಗಿದ ಬಾಗಲಕೋಟೆಯವರಿಗೆ ಆ ಶಬ್ದವು ಸರಿಯೇ. ಸೈನಿಕನ ಊರು ಮುಳುಗಿಲ್ಲ.

ಶಬ್ದದಲ್ಲೇನಿದೆಯೆಂದು ದೇಶಪಾಂಡೆ ನಗರದ ಸುಶಿಕ್ಷಿತ ಗೃಹಸ್ಥರು ಕೇಳಬಹುದು. 2022ರ ಜೂನ್ ತಿಂಗಳಲ್ಲಿ ಸಾರಿದ ಅಗ್ನಿಪಥ ಯೋಜನೆಯನ್ನು ಅವರು ನೋಡಲಿ. ಅದರ ನಿಯಮದಂತೆ ಅಗ್ನಿವೀರನ ಸೇವೆಯು 4 ವರ್ಷದ್ದು. ಮುಂದೆ ಉಳಿಯುವವರು ನೂರಕ್ಕೆ 25ಕ್ಕೆ ಮೀರರು. ಮಿಕ್ಕವರಿಗೆ ಸೇವಾನಿಧಿಯ ಇಡುಗಂಟು ಉಂಟು, ಪಿಂಚಣಿಯಿಲ್ಲ, 'ಮಾಜಿ ಸೈನಿಕ'ನೆಂಬ ಸ್ಥಾನವೂ ಇಲ್ಲ. ನಾವು ಹೀನವೆಂದು ಹಳಿಯುವ ಹೆಸರೇ ಅವರಿಗೆ ದುರ್ಲಭವಾಯಿತು! 'ನಿವೃತ್ತ'ರೆನ್ನೋಣವೆಂದರೆ, ಇಪ್ಪತ್ತರ ಹರೆಯದವನು ಯಾವುದರಿಂದ ನಿವೃತ್ತನು? ಅವನ ಸಂಸಾರವೇ ಇನ್ನೂ ಆರಂಭವಾಗಿರುವದಿಲ್ಲ.

ನಮ್ಮ ಹಿರಿಯರು ಈ ವಿಷಯದಲ್ಲಿ ಇಷ್ಟು ಬಡವರಾಗಿರಲಿಲ್ಲ. ಮಡಿದವನಿಗೆ ವೀರಗಲ್ಲು ಇದ್ದಂತೆ ಬದುಕಿ ಬಂದವನಿಗೂ ಒಂದು ಮಾತಿತ್ತು. ತಕ್ಕೋಲದ ಯುದ್ಧದಲ್ಲಿ ಕಾದಿದ ಮಣಲೇರನಿಗೆ ಗಂಗರ ಬೂತುಗನು 'ಬಾಳ್ಗಚ್ಚು' ಎಂದು ಊರುಗಳನ್ನು ಕೊಟ್ಟನೆಂದು ಸುಮಾರು 949-50ರ ಆತಕೂರು ಶಾಸನವು ಹೇಳುವದು. ಕತ್ತಿಯನ್ನು ತೊಳೆದುದರ ಗೌರವವೆಂದು ಅದರ ತಾತ್ಪರ್ಯ. ಕೊಟ್ಟ ಊರುಗಳಲ್ಲೊಂದು ಬೆಳ್ವೊಲದ್ದು, ಎಂದರೆ ನಮ್ಮ ಗದಗು ಅಣ್ಣಿಗೇರಿಗಳ ಸೀಮೆಯದು.

ಆ ಶಬ್ದವನ್ನೇ ಎಬ್ಬಿಸಿ ತನ್ನಿರೆಂದು ಹೇಳಲಾರೆವು; ಹಳಗನ್ನಡದ ಪಂಡಿತರ ಹೊರತು ಯಾರ ನಾಲಿಗೆಗೂ ಅದು ಹತ್ತದು. ಬರಹಕ್ಕೆ 'ಕೃತಸೇವ' ಎನ್ನಿರಿ, ಮಾತಿಗೆ 'ಸೇವೆ ತೀರಿಸಿದವ' ಎನ್ನಿರಿ. ಹದಿನೇಳು ವರ್ಷದವನಿಗೂ ನಾಲ್ಕು ವರ್ಷದವನಿಗೂ ಇದು ಸಮನಾಗಿ ಸಲ್ಲುವದು. ಇದಕ್ಕಿಂತ ಲೇಸಾದುದಿದ್ದರೆ ವಾಚಕರು ಸೂಚಿಸಲಿ. ನಾಲ್ಕು ವರ್ಷ ತೀರಿಸಿ ಬಂದ ಹುಡುಗನು ನೌಕರಿಯ ಅರ್ಜಿಯಲ್ಲಿ ತನ್ನನ್ನು ಏನೆಂದು ಬರೆದುಕೊಳ್ಳಬೇಕೆಂಬುದಕ್ಕೆ ಕೋಶಕಾರರೂ ಸರಕಾರದವರೂ ಉತ್ತರ ಕೊಡಲಿ.